ಎರಡನೇ ಬ್ಲಾಕಿನ ಕೆಳಗಿನ ಕಲ್ಲು

ಕಲ್ಲು ಉರುಳಲಿಲ್ಲ.

ಉರುಳಬೇಕಿತ್ತು. ದಫೇದಾರನ ಕೈಯಿಂದ ಜಾರಿದ ಮರದ ಪೆಟ್ಟಿಗೆ ಶೆಡ್ಡಿನ ಸಿಮೆಂಟು ನೆಲಕ್ಕೆ ಧಡಾರನೆ ಬಿದ್ದು, ಒಳಗಿದ್ದ ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಎಲ್ಲವೂ ಲಟ್ಟಣಿಗೆಯಂತೆ ಗುಂಡಗಿನ ಕಲ್ಲುಗಳು. ನೆಲವೋ ಇಳಿಜಾರು. ಒಂದೆರಡಾದರೂ ಬಾಗಿಲ ತನಕ ಉರುಳಿಕೊಂಡು ಹೋಗಬೇಕಿತ್ತು. ಅವು ಬಿದ್ದಲ್ಲೇ ಒಂದು ಸಲ ಪುಟಿದು ತೆಪ್ಪಗಾದವು.

"ಬೈಬೇಡಿ ಮೇಡಂ," ದಫೇದಾರ ಸೊಂಟ ಹಿಡಿದುಕೊಂಡು ಮೊದಲೇ ಶರಣಾದ. "ಕಲ್ಲಿನ ಪೆಟ್ಟಿಗೆ ಅಂತ ಉಸಿರು ಬಿಗಿಹಿಡಿದು ಎತ್ತಿದೆ. ಹಾಳಾದ್ದು ಹೂವಿನ ಬುಟ್ಟಿ ಥರ ಮೇಲಕ್ಕೆ ಬಂದ್ಬಿಡ್ತು. ಕೈ ತಪ್ತು."

ಠಾಣೆಯಲ್ಲಿ ಎಲ್ಲರೂ ಇನ್‌ಸ್ಪೆಕ್ಟರನ್ನು ಬೆನ್ನ ಹಿಂದೆ ಕೆಂಡಮ್ಮ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಅವಳು ಆ ಹೆಸರಿಗೆ ಏನೂ ಕಡಿಮೆ ಮಾಡಿರಲಿಲ್ಲ. ಗೇಟಿನ ಕಾವಲುಗಾರ, ಶೆಡ್ಡಿನ ಬೀಗ ತೆಗೆಯಲು ಸತಾಯಿಸಿದ ಗುಮಾಸ್ತ, ಎಲ್ಲರಿಗೂ ಬಿಸಿ ಮುಟ್ಟಿತ್ತು. ಆದರೆ ಈಗ ಅವಳು ಬೈಯಲಿಲ್ಲ. ಮಂಡಿಯೂರಿ ಒಂದು ಕಲ್ಲನ್ನು ಎತ್ತಿ ಮಗುಚಿದಳು.

ಮೇಲೆ ಗುಂಡು. ಕೆಳಗೆ ಚಪ್ಪಟೆ. ಉದ್ದಕ್ಕೆ, ನಡುಮಧ್ಯಕ್ಕೆ, ಬೆಣ್ಣೆ ಕೊಯ್ದ ಹಾಗೆ ಸೀಳಿದ ಅರ್ಧ ಕಲ್ಲು.

ಇನ್ನೊಂದನ್ನು ಎತ್ತಿದಳು. ಅದೂ ಅರ್ಧ. ಮತ್ತೊಂದು. ಅದೂ ಅರ್ಧ.

ಈ ಸೈಟಿನಲ್ಲಿ ನೆಲ ಕೊರೆಯುತ್ತಿದ್ದ ಬೋರ್ ಮೇಸ್ತ್ರಿ ಸತ್ತದ್ದು ಭಾನುವಾರ. ಹಳೇ ಗಣಿಯ ಸುರಂಗಕ್ಕೆ ಗಾಳಿ ಬಿಡುತ್ತಿದ್ದ ಬಾವಿಯ ಮೇಲಿನ ಕಾಂಕ್ರೀಟ್ ಮುಚ್ಚಳ ಸರಿದಿತ್ತು, ಅವನ ಹೆಣ ಕೆಳಗಿತ್ತು. ಕಾಲು ಜಾರಿತು ಎಂದು ಇಲ್ಲಿ ಮನೆಗಳನ್ನು ಕಟ್ಟಿಸುತ್ತಿದ್ದ ಕಂಪನಿ ಹೇಳುತ್ತಿತ್ತು, ಆದರೆ ಆ ಮುಚ್ಚಳವನ್ನು ಹಾರೆಯಿಂದ ಮೀಟಿದ ಗುರುತನ್ನು ಕೆಂಡಮ್ಮ ಕಣ್ಣಾರೆ ಕಂಡಿದ್ದಳು. ಸಾಯುವ ಮೊದಲು ಅವನು ಪದೇ ಪದೇ ಈ ಶೆಡ್ಡಿಗೆ ಬಂದು ಹೋಗುತ್ತಿದ್ದ ಎಂದವಳು ಅವನ ಹೆಂಡತಿ. ಹಾಗಾಗಿ ಕೆಂಡಮ್ಮ ಇಲ್ಲಿದ್ದಳು.

"ಇದು ಯಾವ ಬ್ಲಾಕಿನ ಪೆಟ್ಟಿಗೆ?"

ದಫೇದಾರ ಬಗ್ಗಿ ನೋಡಿದ. "ಎರಡನೇ ಬ್ಲಾಕು ಅಂತ ಬಣ್ಣದಲ್ಲಿ ಬರ್ದಿದಾರೆ."

"ಒಂದನೇ ಬ್ಲಾಕಿನ ಪೆಟ್ಟಿಗೆ ಇಳಿಸಿ. ಈ ಸಲ ಕೈ ಬಿಟ್ರೆ ಪಿಂಚಣಿ ಬಿಟ್ಟ ಹಾಗೇ ಅಂದ್ಕೊಳ್ಳಿ."

ಅದೂ ಹಗುರವಾಗಿಯೇ ಇಳಿಯಿತು. ಅದರಲ್ಲೂ ಕಲ್ಲುಗಳು ಮೇಲಿಂದ ನೋಡಿದರೆ ದುಂಡಗೆ, ಎತ್ತಿದರೆ ಅರ್ಧ.

ಕೆಂಡಮ್ಮನಿಗೆ ಇಂಥ ಕಲ್ಲುಗಳು ಹೊಸವಲ್ಲ. ಅವಳು ಬೆಳೆದದ್ದೇ ಗಣಿಯ ಕ್ವಾರ್ಟರ್ಸಿನಲ್ಲಿ, ಅಪ್ಪ ಗಣಿಯ ಸರ್ವೇಯರ್. ಟೊಳ್ಳು ಮೂತಿಯ ಡ್ರಿಲ್ಲಿನಿಂದ ನೆಲ ಕೊರೆದರೆ ಒಳಗಿನ ಬಂಡೆ ಹೀಗೆ ಕೋಲುಕೋಲಾಗಿ ಎದ್ದು ಬರುತ್ತದೆ. ಅದನ್ನು ಆಳದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಮಲಗಿಸಿಡುತ್ತಾರೆ. ಕೆಳಗೆ ಗಟ್ಟಿ ಬಂಡೆಯೋ, ಹಳೇ ಸುರಂಗದ ಟೊಳ್ಳೋ ಅನ್ನುವುದನ್ನು ಆ ಕೋಲು ಹೇಳುತ್ತದೆ. ಟೊಳ್ಳಿದ್ದರೆ ಸಿಮೆಂಟು, ಬೂದಿ ಕಲಸಿದ ಗಂಜಿಯನ್ನು ಒಳಗೆ ಒತ್ತಿ ತುಂಬಿಸಬೇಕು. ಅದು ಗಟ್ಟಿಯಾದ ಮೇಲೆ ಪೈಲ್ ಎಂಬ ಕಾಂಕ್ರೀಟ್ ಕಂಬಗಳನ್ನು ಇಳಿಸಬೇಕು, ಅದರ ಮೇಲೆ ಮನೆ. ಗಣಿ ಮುಚ್ಚಿದ ಜಾಗದಲ್ಲಿ ಕಟ್ಟುವುದೆಂದರೆ ಇಷ್ಟೇ. ಇಷ್ಟನ್ನೂ ಮಾಡದೆ ಕಟ್ಟುವುದೆಂದರೆ ಬೇರೆ ಮಾತು.

ಎರಡು ಪೆಟ್ಟಿಗೆಗಳ ಕಲ್ಲುಗಳನ್ನು ಅಕ್ಕಪಕ್ಕ ಹರಡಿ ಹುಡುಕಿದಳು. ಒಂದರ ಮೈಮೇಲೆ ಮಿಂಚಿನ ಗೆರೆಯಂತೆ ಒಂದು ಬಿಳಿ ಪಟ್ಟೆ ಓರೆಯಾಗಿ ಹಾದಿತ್ತು. ಇನ್ನೊಂದು ಪೆಟ್ಟಿಗೆಯ ಕಲ್ಲಿನ ಮೇಲೂ ಅಂಥದ್ದೇ ಪಟ್ಟೆ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಚಪ್ಪಟೆ ಮೈಗೆ ಚಪ್ಪಟೆ ಮೈ ಕೂಡಿಸಿದಳು.

ಕಡಲೆಕಾಳಿನ ಎರಡು ಬೇಳೆಗಳ ಹಾಗೆ ಅವು ಒಂದಾದವು. ಬಿಳಿ ಪಟ್ಟೆ ಸುತ್ತಲೂ ಬಳೆಯಂತೆ ಕೂಡಿಕೊಂಡಿತು.

ದಫೇದಾರ ಬಾಯಿ ತೆರೆದವನು ಮುಚ್ಚಲಿಲ್ಲ. "ಅಂದ್ರೆ... ಒಂದನೇ ಬ್ಲಾಕಿನ ಕೆಳಗಿನ ಕಲ್ಲನ್ನೇ ಸೀಳಿ..."

"ಎರಡು ಮಾಡಿದಾರೆ. ಎರಡನೇ ಬ್ಲಾಕಿನ ಕೆಳಗೆ ಒಂದೇ ಒಂದು ತೂತೂ ಕೊರೆದಿಲ್ಲ. ಏನಿದೆ ಅಂತ ನೋಡೇ ಇಲ್ಲ. ನೋಡದೆ ಕಟ್ಟಿದಾರೆ."

ಅವಳ ದನಿ ಏರಲಿಲ್ಲ. ದಫೇದಾರನಿಗೆ ಅದೇ ಹೆದರಿಕೆ. ಕೆಂಡಮ್ಮ ಕೂಗಿದರೆ ತಾಪತ್ರಯವಿಲ್ಲ, ಕೂಗಿ ಮುಗಿಯುತ್ತದೆ. ಮೆಲ್ಲಗೆ ಮಾತಾಡಿದಳೆಂದರೆ ಎದುರಿಗಿದ್ದವನ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ.

ಎರಡನೇ ಬ್ಲಾಕಿನಲ್ಲಿ ಸಂಸಾರಗಳು ತುಂಬಿಕೊಂಡಿದ್ದವು. ಮೂರನೇ ಮಹಡಿಯಲ್ಲಿ ಅವಳ ಅಕ್ಕನ ಮನೆ. ಅಡಿಪಾಯಕ್ಕೆ ಸಹಿ ಹಾಕಿದ ಎಂಜಿನಿಯರ್ ಅವಳ ಭಾವ.

ಶೆಡ್ಡಿನಿಂದ ಹೊರಗೆ ಬಂದರೆ ಬಾಗಿಲಲ್ಲೇ ಮೇಸ್ತ್ರಿಯ ಹೆಂಡತಿ ನಿಂತಿದ್ದಳು. ಹೆಣ ಮೇಲೆ ಬಂದಾಗಿನಿಂದ ಅವಳು ಸೈಟು ಬಿಟ್ಟು ಕದಲಿರಲಿಲ್ಲ. ಅಳು ಮುಗಿದು ಅವಳ ಮುಖ ಒಣಗಿ ಕಲ್ಲಾಗಿತ್ತು. ಕೆಂಡಮ್ಮ ಕೈಯಲ್ಲಿದ್ದ ಎರಡು ಹೋಳುಗಳನ್ನು ಬಿಡಿಸಿ, ಕೂಡಿಸಿ ತೋರಿಸಿದಳು.

"ಇದೇ ಇರ್ಬೇಕು," ಅಂದಳು ಆಕೆ. "ಮನೇಲಿ ಊಟಕ್ಕೆ ಕೂತ್ರೂ ಅದೇ ಜಪ. 'ನನ್ನ ಕಲ್ಲು ಅವರ ಪೆಟ್ಟಿಗೇಲಿ ಹೇಗೆ ಬಂತು, ನನ್ನ ಕಲ್ಲು ಅವರ ಪೆಟ್ಟಿಗೇಲಿ ಹೇಗೆ ಬಂತು' ಅಂತ. ತಲೆ ಕೆಟ್ಟಿದೆ ಅಂದ್ಕೊಂಡೆ ನಾನು. ಸುಮ್ನೆ ಅನ್ನ ಉಣ್ಣು ಅಂತ ಬೈದೆ."

"ಯಾರ ಪೆಟ್ಟಿಗೆ ಅಂತ ಹೇಳಿದ್ರಾ?"

"ಎರಡನೇ ಬ್ಲಾಕಿಗೆ ಬೇರೆ ತಂಡ ಬಂದು ಕೊರೆದು ಹೋಯ್ತಂತೆ. ಇವರು ಆಗ ಊರಲ್ಲಿರ್ಲಿಲ್ಲ." ಅವಳು ಹೋಳುಗಳನ್ನೇ ನೋಡಿದಳು. "ನಾಳೆ ಎಂಜಿನಿಯರ್ ಸಾಹೇಬ್ರಿಗೆ ಹೇಳ್ತೀನಿ, ಅವರು ಒಳ್ಳೇವ್ರು ಅಂದ್ರು. ಹೇಳೋಕೇ ಹೋಗಿದ್ದು. ವಾಪಸ್ ಬರ್ಲಿಲ್ಲ."

ಎಂಜಿನಿಯರ್ ಸಾಹೇಬರು. ಒಳ್ಳೆಯವರು.

ಕೆಂಡಮ್ಮ ಹೋಳುಗಳನ್ನು ಜೇಬಿಗೆ ತುರುಕಿದಳು. ಹಿಡಿಯಲಿಲ್ಲ. ಕೈಯಲ್ಲೇ ಹಿಡಿದು ನಡೆದಳು.

ಮೂರನೇ ಬ್ಲಾಕಿಗೆ ಪೈಲ್ ಇಳಿಸುವ ಯಂತ್ರ ಧಡಲ್ ಧಡಲ್ ಎನ್ನುತ್ತಿತ್ತು. ಪ್ರತಿ ಏಟಿಗೂ ಕಾಲಡಿಯ ನೆಲ ಹೂಂಗುಟ್ಟುತ್ತಿತ್ತು. ಹಿಂದೆಲ್ಲ ಅದು ಅವಳಿಗೆ ಬರೀ ಸದ್ದು. ಇವತ್ತು ಆ ಹೂಂಕಾರದಲ್ಲಿ ಮಡಕೆಯ ಟೊಳ್ಳು ಕೇಳಿಸಿತು.

ಭಾವ ತಗಡಿನ ಸೈಟ್ ಆಫೀಸಿನಲ್ಲಿದ್ದ. ಮೊಣಕಾಲವರೆಗೆ ಕೆಸರು, ಮೇಜಿನ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ಅರ್ಧ ಬಿಸ್ಕತ್ತು. ಅವಳನ್ನು ಕಂಡದ್ದೇ ನಕ್ಕ.

"ಬಾಮ್ಮಾ, ಬಾ. ಬಿಸ್ಕತ್ ತಗೋ. ನಿಮ್ಮಕ್ಕ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದಾಳೆ, ನನ್ನ ತಂಗಿ ತಿಂಡಿ ತಿಂದ್ಲಾ ನೋಡಿ ಅಂತ. ನಾನು ತಿಂದ್ನಾ ಅಂತ ಒಂದ್ಸಲಾನೂ ಕೇಳಿಲ್ಲ."

"ಯಂತ್ರ ನಿಲ್ಲಿಸಿ."

"ಏನು?"

"ಆ ಪೈಲ್ ಯಂತ್ರ. ನಿಲ್ಲಿಸಿ ಅಂದೆ."

"ಏ, ಕಾಂಕ್ರೀಟ್ ಲಾರಿ ದಾರೀಲಿದೆ ಕಣಮ್ಮಾ, ಮಧ್ಯದಲ್ಲಿ ನಿಲ್ಲಿಸೋಕೆ ಇದೇನು ಮಿಕ್ಸಿನಾ?"

ಅವಳು ಬಾಗಿಲಲ್ಲಿ ನಿಂತಿದ್ದ ದಫೇದಾರನ ಕಡೆ ನೋಡಿದಳು. ಅವನು ಹೋದ. ಸ್ವಲ್ಪ ಹೊತ್ತಿಗೆ ಹೊರಗಿನ ಧಡಲ್ ನಿಂತಿತು. ನಿಂತ ಮೇಲೆ ಉಳಿದ ಮೌನದಲ್ಲಿ ಭಾವನ ನಗುವೂ ನಿಂತಿತು.

"ಅಕ್ಕನ ಮನೆ ಬಚ್ಚಲ ಬಾಗಿಲು ಹಾಕೋಕೆ ಬರ್ತಿಲ್ಲ ಅಂತ ಹೋದ ವಾರ ಹೇಳಿದ್ಲು," ಕೆಂಡಮ್ಮ ಅಂದಳು. "ನೀವೇನಂದ್ರಿ?"

"ಮಳೆಗೆ ಉಬ್ಬಿರತ್ತೆ ಅಂದೆ. ಅದಕ್ಕೂ ಪೊಲೀಸ್ ಕೇಸಾ?"

"ಆ ಬಾಗಿಲು ತಗಡಿಂದು ಭಾವ. ತಗಡು ಯಾವಾಗಿಂದ ಮಳೆಗೆ ಉಬ್ಬೋಕೆ ಶುರು ಮಾಡ್ತು?"

ಭಾವ ಬಿಸ್ಕತ್ತನ್ನು ಕೆಳಗಿಟ್ಟ.

"ಅಡುಗೆಮನೆ ಗೋಡೆಯಲ್ಲಿ ಕೂದಲೆಳೆ ಬಿರುಕು. ಸುಣ್ಣ ಒಣಗಿದಾಗ ಹಾಗಾಗತ್ತೆ ಅಂದ್ರಿ. ಬಾಲ್ಕನಿಯಲ್ಲಿ ಮಗು ಚೆಂಡು ಇಟ್ರೆ ತಾನೇ ಓಡ್ಹೋಗತ್ತೆ. ನೀರು ಹರಿದು ಹೋಗ್ಲಿ ಅಂತ ಬೇಕಂತಲೇ ಓರೆ ಮಾಡಿದೀವಿ ಅಂದ್ರಿ. ಎಲ್ಲದಕ್ಕೂ ನಿಮ್ಮ ಹತ್ರ ಒಂದೊಂದು ಮಾತು ರೆಡಿ."

"ಏನಾಗಿದೆ ನಿನಗೆ ಇವತ್ತು?"

ಅವಳು ಎರಡು ಹೋಳುಗಳನ್ನು ಮೇಜಿನ ಮೇಲೆ ಇಟ್ಟಳು. "ಜೋಡಿಸಿ."

ಅವನು ಮಕ್ಕಳಾಟ ಎಂಬಂತೆ ಎರಡನ್ನೂ ಎತ್ತಿಕೊಂಡ. ಜೋಡಿಸಿದ. ಬಿಳಿ ಪಟ್ಟೆ ಕೂಡಿತು. ಅವನ ಹೆಬ್ಬೆರಳು ಆ ಪಟ್ಟೆಯ ಮೇಲೆ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

"ಎಲ್ಲಿತ್ತು ಇದು?"

"ಒಂದು ಹೋಳು ಒಂದನೇ ಬ್ಲಾಕಿನ ಪೆಟ್ಟಿಗೇಲಿ. ಇನ್ನೊಂದು ಎರಡನೇದರಲ್ಲಿ. ಒಂದೆರಡಲ್ಲ, ಪೆಟ್ಟಿಗೆ ತುಂಬ."

"ಸಾಧ್ಯಾನೇ ಇಲ್ಲ."

"ಕೈಯಲ್ಲಿ ಹಿಡ್ಕೊಂಡು ಸಾಧ್ಯವಿಲ್ಲ ಅಂತೀರಲ್ಲ!" ಈಗ ಅವಳ ದನಿ ಏರಿತು. ತಗಡಿನ ಗೋಡೆ ಝಣ್ ಎಂದಿತು. "ಎರಡನೇ ಬ್ಲಾಕಿಗೆ ಕೊರೆಯುವಾಗ ನೀವು ಎಲ್ಲಿದ್ರಿ? ಪಕ್ಕದಲ್ಲಿ ನಿಂತು ನೋಡಿದ್ರಾ?"

"ಒಂದನೇದರ ಕೆಲಸ ತಲೆ ಮೇಲೆ ಕೂತಿತ್ತು. ಬೇರೆ ತಂಡ ಬಂದು ಮಾಡಿ ಹೋಗಿದೆ ಅಂದ್ರು ನಮ್ಮ ಕಂಪನಿ ಚೇರ್ಮನ್. ಪೆಟ್ಟಿಗೆ ಬಂತು. ನೋಡ್ದೆ."

"ಹೇಗೆ ನೋಡಿದ್ರಿ?"

"ಹೇಗೆ ಅಂದ್ರೆ? ನೋಡ್ದೆ. ಒಳ್ಳೇ ಬಂಡೆ. ಎಲ್ಲೂ ಟೊಳ್ಳಿಲ್ಲ."

"ಎತ್ತಿ ನೋಡಿದ್ರಾ, ನಿಂತು ನೋಡಿದ್ರಾ?"

ಭಾವ ಕೈಯಲ್ಲಿದ್ದ ಹೋಳನ್ನು ಮಗುಚಿ ಚಪ್ಪಟೆ ಮೈ ನೋಡಿದ.

"ತರಕಾರಿಯವನ ಹತ್ರ ಬದನೆಕಾಯಿ ತಗೊಂಡ್ರೂ ನನ್ನಕ್ಕ ತಿರುಗಿಸಿ ನೋಡ್ತಾಳೆ ಭಾವ, ಹುಳ ಇದೆಯಾ ಅಂತ! ಒಂದೇ ಒಂದು ಕಲ್ಲು, ಒಂದೇ ಒಂದು, ಮಗುಚಿ ನೋಡಿದ್ದಿದ್ರೆ..."

"ನಾನೇ ಅಲ್ಲಿ ಸಂಸಾರ ಇಟ್ಟಿದೀನಲ್ಲ!" ಅವನೂ ಕಿರುಚಿದ. ಮೇಜು ಬಡಿದ. ಹೆಲ್ಮೆಟ್ಟು ಉರುಳಿ ನೆಲಕ್ಕೆ ಬಿತ್ತು. "ನನ್ನ ಹೆಂಡ್ತಿ, ನನ್ನ ಮಕ್ಕಳು ಅಲ್ಲೇ ಮಲಗ್ತಾರೆ! ಗೊತ್ತಿದ್ರೆ ಇಡ್ತಿದ್ನಾ? ನನ್ನ ಏನಂತ ತಿಳ್ಕೊಂಡಿದೀಯ ನೀನು?"

ಅದೇ ಮಾತು. ಬಿರುಕು ಕಂಡವರೆಲ್ಲ ಆ ಮಾತಿಗೇ ಸುಮ್ಮನಾಗಿದ್ದರು. ಎಂಜಿನಿಯರೇ ಇಲ್ಲಿದ್ದಾನೆ, ನಮಗೇನು ಭಯ ಎಂದುಕೊಂಡು ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ಬಿರುಕು ಮುಚ್ಚಿದ್ದರು. ಕೆಂಡಮ್ಮನಿಗೆ ಅವನ ಮೇಲೆ ಅಪನಂಬಿಕೆ ಹುಟ್ಟಲಿಲ್ಲ. ಸಿಟ್ಟು ಮಾತ್ರ ಇಮ್ಮಡಿಯಾಯಿತು. ಕಳ್ಳನಾಗಿದ್ದರೆ ಕೋಳ ತೊಡಿಸಬಹುದಿತ್ತು. ಉದಾಸೀನಕ್ಕೆ ಯಾವ ಕೋಳ ತೊಡಿಸುವುದು?

"ಮೇಸ್ತ್ರಿ ನಿಮಗೆ ಹೇಳೋಕೆ ಬಂದಿದ್ದ."

ಭಾವನ ಕಣ್ಣು ನೆಲಕ್ಕಿಳಿಯಿತು. "ಶನಿವಾರ ಬಂದಿದ್ದ. 'ಸಾರ್, ನನ್ನ ಕಲ್ಲು ಅವರ ಪೆಟ್ಟಿಗೇಲಿದೆ' ಅಂದ. ನಾನು ಫೋನಲ್ಲಿದ್ದೆ. ಏನೋ ಕಲ್ಲು ಕದ್ದ ಪಂಚಾಯ್ತಿ, ಎರಡು ತಂಡದ ಜಗಳ ಅಂದ್ಕೊಂಡೆ. ನಾಳೆ ಮನೆಗೆ ಬಾ, ಮಾತಾಡೋಣ ಅಂತ ಕಳಿಸ್ದೆ."

"ಕಲ್ಲು ಕದ್ದ ಪಂಚಾಯ್ತಿ!"

"ಆದ್ರೆ ಭಾನುವಾರ ನಾನು ಮನೇಲಿರ್ಲಿಲ್ಲ. ಇಲ್ಲೇ ಕಾಂಕ್ರೀಟ್ ನಡೀತಿತ್ತು. ಅವನು ಬಂದ್ನೋ ಇಲ್ವೋ ಗೊತ್ತಿಲ್ಲ." ಅವನು ಕುರ್ಚಿಯಲ್ಲಿ ಕುಸಿದ. "ಮತ್ತೆ ನಾನು ಬರೀ ಪೆಟ್ಟಿಗೆ ನೋಡಿ ನಂಬಿದ್ದಲ್ಲ ಕಣಮ್ಮಾ. ಆ ಜಾಗದ ಕೆಳಗೆ ಸುರಂಗಾನೇ ಹೋಗಿಲ್ಲ, ಇಡೀ ಗುಡ್ಡದಲ್ಲಿ ಗಟ್ಟಿ ಇರೋದು ಅದೊಂದೇ ತುಂಡು ಅಂತ ಮಾವ ಹೇಳಿದ್ರು. ಗಣಿ ಒಳಗೆ ಜೀವಮಾನ ಕಳೆದವರು. ಅವರಿಗಿಂತ ನಾನು ಯಾರ ಮಾತು ನಂಬ್ಲಿ?"

"ನಿಮ್ಮ ತಪ್ಪು ಮುಚ್ಕೊಳ್ಳೋಕೆ ಅಪ್ಪನ್ನ ಎಳೀಬೇಡಿ."

"ಎಳೀತಿಲ್ಲ. ಅವರು ಹೇಳಿದ್ದು ಹೇಳ್ದೆ."

"ಅಪ್ಪನಿಗೆ ವಯಸ್ಸಾಗಿದೆ. ನೆನಪು ತಪ್ಪಿರ್ಬೋದು. ಮೆಷಿನ್ ಇರೋದು ನಿಮ್ಮ ಹತ್ರ, ಓದಿರೋದು ನೀವು." ಅವಳು ಮೇಜಿನ ಮೇಲೆ ಎರಡೂ ಅಂಗೈ ಊರಿ ಬಗ್ಗಿದಳು. "ಈ ಕಲ್ಲನ್ನ ಸೀಳೋಕೆ ಸಾಮಾನ್ಯ ಗರಗಸ ಸಾಲದು. ಎಲ್ಲಿದೆ ಅಂಥ ಯಂತ್ರ?"

"ನನ್ನ ಲ್ಯಾಬಲ್ಲಿ," ಅವನು ತಡೆದು ಹೇಳಿದ. "ಕಲ್ಲಿನ ಗಟ್ಟಿತನ ಪರೀಕ್ಷೆಗೆ ತುದಿ ಸಮ ಮಾಡೋಕೆ ಇಟ್ಟಿರೋದು. ವಜ್ರದ ಬ್ಲೇಡು. ಈ ಊರಲ್ಲಿ ಅದೊಂದೇ."

"ಬೀಗದ ಕೈ?"

"ಒಂದು ನನ್ನ ಹತ್ರ. ಯಾವಾಗ್ಲೂ ಸೊಂಟದಲ್ಲೇ ಇರತ್ತೆ."

"ಇನ್ನೊಂದು?"

ಭಾವ ತುಟಿ ಒದ್ದೆ ಮಾಡಿಕೊಂಡ. ಬಾಯಿ ತೆರೆದ. ಅವಳ ಮುಖ ನೋಡಿ ಮತ್ತೆ ಮುಚ್ಚಿದ.

"ಇನ್ನೊಂದು ಯಾರ ಹತ್ರ ಇದೆ, ಭಾವ?"

ಹೊರಗೆ ಏನೋ ಸಿಡಿಯಿತು.

ಪಟಾಕಿಯಂತೆ ಒಂದೇ ಏಟು. ಆಮೇಲೆ ಚೂರುಗಳು ಸುರಿಯುವ ಸದ್ದು. ಇಬ್ಬರೂ ಹೊರಗೆ ಓಡಿದರು. ಎರಡನೇ ಬ್ಲಾಕಿನ ಕೆಳಗಿನ ದೊಡ್ಡ ಗಾಜಿನ ಬಾಗಿಲು ಸಕ್ಕರೆಯಂತೆ ಪುಡಿಯಾಗಿ ಮೆಟ್ಟಿಲ ಮೇಲೆ ಬಿದ್ದಿತ್ತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಬಾಗಿಲ ಚೌಕಟ್ಟು ಮಾತ್ರ ಒಂದು ಕಡೆಗೆ ವಾಲಿ, ಅಣಕಿಸುವ ಬಾಯಿಯಂತೆ ಸೊಟ್ಟಗೆ ನಿಂತಿತ್ತು.

ಭಾವ ಹೆಲ್ಮೆಟ್ಟಿಲ್ಲದೆ, ಚಪ್ಪಲಿಯಿಲ್ಲದೆ ಓಡಿದ.

"ಎಲ್ರನ್ನೂ ಹೊರಗೆ ಹಾಕಿ!" ಕೆಂಡಮ್ಮ ಕೂಗಿದಳು. "ಲಿಫ್ಟ್ ಬೇಡ! ಮೆಟ್ಟಿಲು! ದಫೇದಾರ್ರೇ, ಸುತ್ತಲೂ ಹಗ್ಗ ಕಟ್ಟಿ, ಹೊರಗೆ ಬಂದವ್ರು ಒಳಗೆ ಹೋಗ್ಕೂಡದು!"

ಹೇಳುವುದು ಸುಲಭ. ಬೆಳಗಿನ ಹೊತ್ತು, ಒಲೆಯ ಮೇಲೆ ಒಂದೊಂದು ಮನೆಯಲ್ಲಿ ಒಂದೊಂದು ಪಾತ್ರೆ. ಬಾಲ್ಕನಿಗಳಲ್ಲಿ ತಲೆಗಳು ಹಣಕಿದವು. ಏನ್ರೀ ಗಲಾಟೆ? ಯಾವ ಆರ್ಡರು? ಚೇರ್ಮನ್‌ಗೆ ಗೊತ್ತಾ? ಗಾಜು ಒಡೆದ್ರೆ ಹೊಸ ಗಾಜು ಹಾಕ್ಸಿ, ಅದಕ್ಯಾಕೆ ನಮ್ಮನ್ನ ಬೀದಿಗೆ ಹಾಕ್ತೀರ? ಒಬ್ಬರಂತೂ ಸ್ನಾನ ಮುಗಿಸಿ ಬರ್ತೀನಿ, ಆಮೇಲೆ ಬೀಳ್ಲಿ ಎಂದು ತಮಾಷೆ ಮಾಡಿದರು. ನಾಲ್ಕು ಜನ ನಕ್ಕರು.

ಆಗ ಮೇಸ್ತ್ರಿಯ ಹೆಂಡತಿ ಅಂಗಳದ ನಡುವಿಗೆ ಬಂದಳು. ಸೈಟಿನ ಒಂದು ಕಬ್ಬಿಣದ ಬಾಣಲೆಯನ್ನು ಎತ್ತಿಕೊಂಡು, ಕಂಬಿಯ ತುಂಡಿನಿಂದ ಬಡಿಯತೊಡಗಿದಳು. ನಕ್ಕವರು ಕಿವಿ ಮುಚ್ಚಿಕೊಳ್ಳುವ ತನಕ ಬಡಿದಳು.

"ನನ್ನ ಗಂಡ ಈ ನೆಲ ಕೊರೆಯೋನು!" ಅವಳ ಗಂಟಲು ಹರಿಯುತ್ತಿತ್ತು. "ನಿಮ್ಮ ಕಾಲ್ಕೆಳಗೆ ಏನೂ ಇಲ್ಲ ಅಂತ ಹೇಳೋಕೆ ಹೋದ! ಕೊಂದು ಬಾವಿಗೆ ಹಾಕಿದ್ರು! ಈಗ ನಾನು ಹೇಳ್ತಿದೀನಿ, ಕೇಳಿಸ್ತಾ? ಇಳೀರಿ ಕೆಳಗೆ! ಒಬ್ಬನ ಹೆಣ ಸಾಲ್ದಾ ನಿಮಗೆ? ಇಳೀರಿ!"

ನಗು ಸತ್ತಿತು. ಮೆಟ್ಟಿಲ ಮೇಲೆ ಮೊದಲ ಕಾಲಸದ್ದು ಕೇಳಿತು. ಆಮೇಲೆ ಕಟ್ಟೆ ಒಡೆದ ಹಾಗೆ ಜನ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡವರು, ಒಂದೇ ಕಾಲಿಗೆ ಚಪ್ಪಲಿ ಹಾಕಿದವರು, ಮಗುವಿನ ಬದಲು ದಿಂಬು ಅವಚಿಕೊಂಡು ಇಳಿದು ಮತ್ತೆ ಚೀರಿ ಹಿಂದಕ್ಕೆ ತಿರುಗಿದ ಒಬ್ಬ ತಾಯಿ. ಭಾವ ಆ ಮಗುವನ್ನೂ ಹೊತ್ತು ಇಳಿದ, ಮತ್ತೆ ಹತ್ತಿದ, ಇನ್ನೊಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಇಳಿದ. ಗಾಜಿನ ಮೇಲೆ ಬರಿಗಾಲಲ್ಲಿ ಓಡಾಡಿ ಅವನ ಹೆಜ್ಜೆಯೆಲ್ಲ ಕೆಂಪಾಗಿತ್ತು. ಹಗ್ಗದ ಈಚೆ ಸೇರಿದ ಜನರ ಗುಸುಗುಸು ಈಗ ಬೈಗುಳವಾಗುತ್ತಿತ್ತು. ಯಾರೋ ಅವನ ಮುಖಕ್ಕೆ ಉಗಿದರು. ಅವನು ಒರೆಸಿಕೊಳ್ಳಲೂ ಇಲ್ಲ, ಮತ್ತೆ ಒಳಗೆ ಓಡಿದ.

ಅಕ್ಕ ಕೊನೆಯವರೊಂದಿಗೆ ಬಂದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು.

"ಮಕ್ಕಳು?"

"ಸ್ಕೂಲಲ್ಲಿ. ಏನಾಯ್ತೇ? ನಿಮ್ಮ ಭಾವ ಮೆಟ್ಟಿಲಲ್ಲಿ ನನ್ನ ಕಾಲು ಹಿಡ್ಕೊಂಡು ಅತ್ರು. ಕ್ಷಮಿಸು ಅಂತಾರೆ, ಏನು ಅಂತ ಹೇಳಲ್ಲ."

ಕೆಂಡಮ್ಮ ಹೇಳಿದಳು. ಅರ್ಧ ಕಲ್ಲು, ಕೊರೆಯದ ನೆಲ, ನೋಡದೆ ಹಾಕಿದ ಸಹಿ. ಸಕ್ಕರೆ ಸವರದೆ, ಹಸಿಹಸಿಯಾಗಿ ಹೇಳಿದಳು. ಕೇಳುತ್ತ ಕೇಳುತ್ತ ಅಕ್ಕನ ಹಿಟ್ಟಿನ ಕೈಗಳು ಮುಷ್ಟಿಯಾದವು.

"ಬಾಗಿಲು ಉಬ್ಬಿದೆ ಅಂದ್ರು ನನಗೆ," ಅಂದಳು ಅಕ್ಕ. "ಪೆದ್ದಿ ಹಾಗೆ ಬಡಗಿಯವನಿಗಾಗಿ ಕಾಯ್ತಿದ್ದೆ. ತಗಡಿನ ಬಾಗಿಲಿಗೆ."

"ಅಕ್ಕಾ, ಒಂದು ಮಾತು. ಭಾನುವಾರ ಬೋರ್ ಮೇಸ್ತ್ರಿ ನಿಮ್ಮ ಮನೆಗೆ ಬಂದಿದ್ನಾ?"

"ಬಂದಿದ್ದ."

ಕೆಂಡಮ್ಮನ ಕಿವಿಯಲ್ಲಿ ಜನರ ಗದ್ದಲವೆಲ್ಲ ಒಮ್ಮೆಲೇ ದೂರ ಸರಿಯಿತು. "ಬಂದಿದ್ನಾ? ಯಾವಾಗ?"

"ಊಟದ ಹೊತ್ತಿಗೆ. ಇವ್ರಿಲ್ಲ, ಸಂಜೆ ಬಾ ಅಂದೆ. ಕೇಳ್ಲೇ ಇಲ್ಲ. ಒಂದೇ ಸಮ ನಡುಗ್ತಿದ್ದ. ಕೈಚೀಲದಿಂದ ಇಂಥದ್ದೇ ಒಂದು ಕಲ್ಲು ತೆಗೆದು ಊಟದ ಮೇಜಿನ ಮೇಲಿಟ್ಟ."

"ಆಮೇಲೆ?"

"ಆಮೇಲೇನು, ಅಪ್ಪ ಇದ್ರಲ್ಲ. ಭಾನುವಾರ ಊಟಕ್ಕೆ ಬಂದಿದ್ರು. ಕಲ್ಲು ನೋಡಿದ್ದೇ ಅರ್ಧ ಊಟದಲ್ಲಿ ಕೈ ತೊಳೆದು ಎದ್ರು. 'ಇದನ್ನ ಯಾರಿಗೂ ತೋರಿಸ್ಬೇಡ, ನಡಿ, ನಾನು ಬರ್ತೀನಿ' ಅಂತ ಅವನ ಹೆಗಲ ಮೇಲೆ ಕೈ ಹಾಕಿ ಕರ್ಕೊಂಡು ಹೋದ್ರು."

"ಎಲ್ಲಿಗೆ?"

"ಹಳೇ ಗಣಿ ಕಡೆಗೆ. ಬಾಲ್ಕನಿಯಿಂದ ನೋಡ್ದೆ, ಇಬ್ರೂ ಇಳಿಜಾರು ಇಳಿದು ಹೋಗ್ತಿದ್ರು."

ಕೆಂಡಮ್ಮ ಅಕ್ಕನ ಎರಡೂ ತೋಳು ಹಿಡಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಅಕ್ಕ "ಹಾ" ಎಂದಳು.

"ಅವನು ಸತ್ತದ್ದು ಅವತ್ತೇ ಅಂತ ನಿನಗೆ ಗೊತ್ತು. ಕೇಸು ನನ್ನ ಕೈಲಿದೆ ಅಂತ ಗೊತ್ತು. ನನಗ್ಯಾಕೆ ಹೇಳ್ಲಿಲ್ಲ? ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ನಾನು ಹೇಳೋಕೆ ಫೋನ್ ಎತ್ಕೊಂಡೆ ಕಣೇ! ಅಪ್ಪಾನೇ ತಡೆದ್ರು. ನೀನು ಸುಮ್ನಿರು, ಅವಳು ನನ್ನ ಮನೇಲೇ ಇದಾಳಲ್ಲ, ನಾನೇ ಎಲ್ಲಾ ಹೇಳ್ತೀನಿ ಅಂದ್ರು." ಅಕ್ಕನ ಮುಖದಲ್ಲಿ ಸಿಟ್ಟು ನಿಂತು ಬೇರೇನೋ ಬರತೊಡಗಿತು. "ಹೇಳಿಲ್ವಾ?"

ದಿನಾ ಬೆಳಿಗ್ಗೆ ಅಪ್ಪ ಎದುರಿಗೆ ಕೂತು ಕಾಫಿ ಕುಡಿದಿದ್ದರು. ಕೇಸು ಎಲ್ಲಿಗೆ ಬಂತು ಮಗಳೇ ಎಂದು ಕೇಳಿದ್ದರು. ಇವಳು ಹೇಳಿದ್ದಳು. ಮುಚ್ಚಳ ಮೀಟಿದ ಗುರುತನ್ನೂ ಹೇಳಿದ್ದಳು. ಇವತ್ತು ಮಾದರಿ ಶೆಡ್ಡಿಗೆ ಹೋಗುತ್ತೇನೆ ಎಂದದ್ದಕ್ಕೆ ಅಪ್ಪ ಲೋಟ ಕೆಳಗಿಟ್ಟು, "ಅಲ್ಲೇನಿರತ್ತೆ, ಬರೀ ಕಲ್ಲು" ಎಂದಿದ್ದರು.

ಸಿಟ್ಟು ಅಂಗಾಲಿನಿಂದ ಹತ್ತಿ ನೆತ್ತಿ ಮುಟ್ಟಿತು. ಮೋಸ ಹೋದದ್ದು ಪೊಲೀಸಿನವಳಾಗಿದ್ದರೆ ಹಲ್ಲು ಕಚ್ಚಿ ನುಂಗಬಹುದಿತ್ತು. ಮಗಳು ಮೋಸ ಹೋಗಿದ್ದಳು.

"ದಫೇದಾರ್ರೇ! ಜೀಪ್ ತೆಗೀರಿ. ನಮ್ಮನೆಗೆ."

ದಫೇದಾರ ಬಂದ. ಆದರೆ ಜೀಪಿನ ಕಡೆಯಿಂದ ಅಲ್ಲ. ಹಗ್ಗದ ಆ ತುದಿಯಿಂದ, ಏದುಸಿರು ಬಿಡುತ್ತ ಬಂದ.

"ಮೇಡಂ, ಮನೆಗೆ ಯಾಕೆ... ಅವರು ಇಲ್ಲೇ ಬಂದಿದಾರಲ್ಲ. ನೀವೇ ಬರಹೇಳಿದ್ದು ಅಂದ್ರು."

"ಯಾರು?"

"ನಿಮ್ಮ ತಂದೆಯವರು. ಎಲ್ರೂ ಹೊರಗೆ ಬರ್ತಿದ್ರು, ಇವರೊಬ್ರೇ ಒಳಗೆ ಹೊರಟ್ರು. ನಿಮ್ಮ ತಂದೆ ಅಂತ ನಾನೇ ಹಗ್ಗ ಎತ್ತಿ ಹಿಡಿದೆ."

ಅಕ್ಕ ಚೀರಿದಳು. ಅವಳ ಬೆರಳು ಮೇಲಕ್ಕೆ ತೋರಿಸುತ್ತಿತ್ತು.

ಮೂರನೇ ಮಹಡಿಯ ಬಾಲ್ಕನಿಗೆ ಅಪ್ಪ ಬಂದರು. ಸಾವಕಾಶವಾಗಿ ಒಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಪಕ್ಕದ ಗೋಡೆಯ ಸುಣ್ಣ ಹೊಟ್ಟಿನಂತೆ ಉದುರುತ್ತಿತ್ತು. ಕೆಳಗೆ ನೆರೆದ ಇಡೀ ಜನ ಉಸಿರು ಹಿಡಿದು ಮೇಲೆ ನೋಡುತ್ತಿದ್ದರೆ, ಅವರ ಕಣ್ಣು ಒಬ್ಬಳನ್ನೇ ಹುಡುಕಿತು. ಹುಡುಕಿ ನಿಂತಿತು.

"ಅವನನ್ನ ಕೊಂದವನ ಹೆಸರು ಬೇಕಾ ನಿನಗೆ?" ಅಪ್ಪ ಕೂಗಿ ಕೇಳಿದರು. ದನಿ ಒಂದಿಷ್ಟೂ ನಡುಗಲಿಲ್ಲ. "ಹಾಗಿದ್ರೆ ಮೇಲೆ ಬಾ. ನೀನೊಬ್ಬಳೇ ಬಾ."